ಸಲಹೆಯೂ ಸಲಹುವುದೂ

ಹೊಸ ವಸ್ತುವೊಂದು ನಾಡಿಗೆ ಬಂದಾಗ ಅದಕ್ಕೊಂದು ಹೆಸರು ಬೇಕಾಗುತ್ತದೆ. ಹೆಸರಿಡುವವರು ಸ್ವಲ್ಪ ಅವಸರದಲ್ಲಿದ್ದರೆ ವಸ್ತುವಿನ ಗುಣ ಒಂದು, ಹೆಸರಿನ ಅರ್ಥ ಇನ್ನೊಂದು ಆಗುವುದುಂಟು. 'ಕೌನ್ಸೆಲಿಂಗ್' ಎಂಬುದಕ್ಕೆ ಕನ್ನಡದಲ್ಲಿ ಈಗ ರೂಢಿಯಾಗಿರುವ 'ಆಪ್ತಸಲಹೆ' ಎಂಬ ಮಾತು ಅಂಥದೊಂದು ಎಂದು ನನಗೆ ತೋರುತ್ತದೆ. 'ಆಪ್ತ ಸಮಾಲೋಚನೆ' ಎನ್ನುವವರೂ ಇದ್ದಾರೆ. ಆದರೆ ಜನರ ನಾಲಗೆಗೆ ಹತ್ತಿರುವುದು ಮೊದಲನೆಯದೇ. ಆಸ್ಪತ್ರೆಯ ಬಾಗಿಲ ಮೇಲೆ, ಕಾಲೇಜಿನ ಗೋಡೆಯ ಮೇಲೆ ಈ ಮಾತನ್ನು ಕಂಡವರು, ಒಳಗೆ ಯಾರೋ ಬುದ್ಧಿ ಹೇಳುವವರು ಕುಳಿತಿದ್ದಾರೆ ಎಂದುಕೊಂಡು ಮುಂದೆ ಹೋಗುತ್ತಾರೆ. ಬುದ್ಧಿ ಹೇಳಿಸಿಕೊಳ್ಳುವುದಕ್ಕೆ ಬಸ್ಸು ಹತ್ತಿ ಪೇಟೆಗೆ ಹೋಗುವವರು ಯಾರು? ಅದು ಮನೆಯಲ್ಲಿಯೇ ಬೇಕಾದಷ್ಟು ಸಿಗುತ್ತದೆ.

ಈ ಹೆಸರಿನ ಎರಡು ಅಂಗಗಳನ್ನೂ ಸ್ವಲ್ಪ ಬಿಡಿಸಿ ನೋಡಬೇಕು. 'ಆಪ್ತ' ಎಂದರೆ ನಾವು ಈಗ ಹತ್ತಿರದವನು, ಬೇಕಾದವನು ಎಂದು ತಿಳಿಯುತ್ತೇವೆ. ನಮ್ಮ ನ್ಯಾಯಶಾಸ್ತ್ರದವರ ಅರ್ಥ ಬೇರೆ. ವಿಷಯವನ್ನು ಕಂಡು ತಿಳಿದವನು, ಕಂಡದ್ದನ್ನು ಕಂಡಂತೆ ತಿಳಿಸಬೇಕೆಂಬ ಇಚ್ಛೆಯುಳ್ಳವನು ಅವರ ಪಾಲಿಗೆ ಆಪ್ತ. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೇ ಎಂದು ವಾತ್ಸ್ಯಾಯನನ ಭಾಷ್ಯ ಸ್ಪಷ್ಟವಾಗಿ ಹೇಳುತ್ತದೆ. ಅಂದರೆ ಆಪ್ತನಾಗುವುದಕ್ಕೆ ನೆಂಟನಾಗಬೇಕಾಗಿಲ್ಲ. ಪೂರ್ತಿ ಅಪರಿಚಿತನೂ ಆಪ್ತನಾಗಬಹುದು. ಇನ್ನು 'ಸಲಹೆ' ಅರಬ್ಬೀ ಮೂಲದ್ದು, ಉರ್ದುವಿನ ಮೂಲಕ ನಮ್ಮಲ್ಲಿಗೆ ಬಂದು ನೆಲೆಸಿದ್ದು. ಅದರ ಪಕ್ಕದಲ್ಲಿಯೇ, ಕಿವಿಗೆ ಒಡಹುಟ್ಟಿದಂತೆ ಕೇಳಿಸುವ, ಆದರೆ ಅದಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲದ ಅಚ್ಚಗನ್ನಡದ ಮಾತೊಂದು ಇದೆ: 'ಸಲಹು'. ಕಾಪಾಡು, ಪೋಷಿಸು ಎಂದು ಅರ್ಥ. ಕೌನ್ಸೆಲಿಂಗ್ ಎಂಬುದು ಸಲಹೆಯ ಕುಲಕ್ಕೆ ಸೇರಿದ್ದಲ್ಲ, ಸಲಹುವುದರ ಕುಲಕ್ಕೆ ಸೇರಿದ್ದು ಎಂಬುದೇ ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವ ಮಾತು. ಇದು ಬರಿಯ ಶಬ್ದದ ಜಗಳವಲ್ಲ. ಒಬ್ಬನ ಕಷ್ಟದ ಮುಂದೆ ಇನ್ನೊಬ್ಬನ ಕರ್ತವ್ಯವೇನು ಎಂಬ ಹಳೆಯ ಪ್ರಶ್ನೆ ಇದರೊಳಗಿದೆ.

ನಾನು ಸಾಗರದ ಕಡೆಯವನು. ಹೊಸನಗರ, ತೀರ್ಥಹಳ್ಳಿಗಳಲ್ಲಿ ನೆಂಟರಿಷ್ಟರಿದ್ದಾರೆ. ಈ ಮೂರು ತಾಲ್ಲೂಕುಗಳ ಜಗಲಿಗಳ ಮೇಲೆ ಎಲೆಯಡಕೆ ತಟ್ಟೆಯ ಸುತ್ತ ಕೇಳಿದ ಸಲಹೆಗಳನ್ನೆಲ್ಲ ಬರೆದಿಟ್ಟಿದ್ದರೆ ಒಂದು ದೊಡ್ಡ ಗ್ರಂಥವಾಗುತ್ತಿತ್ತು. ಗಂಡ ಹೋಗಿ ಇನ್ನೂ ಹದಿಮೂರು ದಿನ ಕಳೆಯದ ಹೆಂಗಸಿಗೆ, "ಹೋದವರು ಹೋದರು ತಂಗಿ, ಇದ್ದ ಮಕ್ಕಳ ಮುಖ ನೋಡು" ಎನ್ನುತ್ತೇವೆ. ತೋಟಕ್ಕೆ ಎಲೆಚುಕ್ಕೆ ರೋಗ ಬಿದ್ದವನಿಗೆ, "ನಿನಗೊಬ್ಬನಿಗೇ ಬಂತಾ ಮಾರಾಯ, ಊರಿಗೇ ಬಂದಿದೆ" ಎನ್ನುತ್ತೇವೆ. ತೋಟ ನೋಡಿಕೊಂಡು ಊರಿನಲ್ಲಿ ಉಳಿದ ಕಾರಣಕ್ಕೇ ಹೆಣ್ಣು ಸಿಗದೆ ನಲವತ್ತಕ್ಕೆ ಬಂದ ಹುಡುಗನಿಗೆ, "ಋಣಾನುಬಂಧ ಇದ್ದರೆ ಆಗ್ತದೆ ತಮ್ಮಾ" ಎನ್ನುತ್ತೇವೆ. ಹೆರಿಗೆಯಾದ ಮೇಲೆ ಮಂಕಾಗಿ ಗೋಡೆ ನೋಡುತ್ತ ಕುಳಿತ ಸೊಸೆಗೆ, "ನಾವೆಲ್ಲ ಎಂಟೆಂಟು ಹೆತ್ತಿಲ್ವೇನೆ?" ಎಂದು ಕೇಳುತ್ತೇವೆ.

ಇವುಗಳಲ್ಲಿ ಒಂದೂ ಕೆಟ್ಟ ಮನಸ್ಸಿನಿಂದ ಹುಟ್ಟಿದ್ದಲ್ಲ. ಹೆಚ್ಚಿನವು ಸುಳ್ಳೂ ಅಲ್ಲ. ಆದರೂ ಕೇಳಿದವರ ಎದೆಯ ಭಾರ ಇಳಿಯುವುದಿಲ್ಲ. ಕೆಲವು ವೇಳೆ ಇಮ್ಮಡಿಯಾಗುತ್ತದೆ. ಏತಕ್ಕೆ? ನನಗೆ ಕಾಣುವಂತೆ ಇಂಥ ಸಲಹೆ ಮಾತನ್ನು ಮುಗಿಸುವುದಕ್ಕೆ ಹುಟ್ಟಿದ್ದು. ಇನ್ನೊಬ್ಬರ ದುಃಖದ ಎದುರು ಸುಮ್ಮನೆ ಕುಳಿತಿರುವುದು ಬಹಳ ಕಷ್ಟ. ಆ ಕಷ್ಟದಿಂದ ಪಾರಾಗುವುದಕ್ಕೆ ನಾವೊಂದು ಮಾತನ್ನು ಆಡಿಬಿಡುತ್ತೇವೆ. ಅಲ್ಲಿಗೆ ನಮ್ಮ ಕೆಲಸ ಆಯಿತೆಂದು ಎದ್ದು ಬರುತ್ತೇವೆ. ಸಮಾಧಾನ ದೊರೆತದ್ದು ಹೇಳಿದವರಿಗೆ. ಕೇಳಿದವರಿಗೆ ತಿಳಿದದ್ದು ಇಷ್ಟೆ: ಇನ್ನು ಈ ವಿಷಯವನ್ನು ಇವರ ಮುಂದೆ ಎತ್ತಬಾರದು.

ಹಾಗಾದರೆ ಹೇಳಿಕೊಳ್ಳುವುದು ಯಾರ ಮುಂದೆ? ಮಲೆನಾಡಿನ ರಚನೆಯನ್ನು ಬಲ್ಲವರಿಗೆ ಈ ಪ್ರಶ್ನೆಯ ತೂಕ ಗೊತ್ತಾದೀತು. ಬಯಲುಸೀಮೆಯಂತೆ ಇಲ್ಲಿ ಊರೆಂದರೆ ಮನೆಗೆ ಮನೆ ತಗುಲಿಕೊಂಡ ಬೀದಿಯಲ್ಲ. ಕಣಿವೆಗೊಂದು ತೋಟ, ತೋಟದ ನೆತ್ತಿಗೊಂದು ಮನೆ. ಮಳೆಗಾಲದಲ್ಲಿ ಪಕ್ಕದ ಮನೆಯ ದೀಪವೂ ಕಾಣುವುದಿಲ್ಲ. ಮಕ್ಕಳು ಬೆಂಗಳೂರಿನಲ್ಲಿ, ಮನೆಯಲ್ಲಿ ಇಬ್ಬರೇ ಮುದುಕರು. ಇಷ್ಟು ಏಕಾಂತವಿದ್ದೂ ಇಲ್ಲಿ ಗುಟ್ಟು ಉಳಿಯುವುದಿಲ್ಲ ಎಂಬುದು ವಿಚಿತ್ರ. ಯಾರ ಮನೆಯ ಸಾಲ ಎಷ್ಟು, ಯಾರ ಸೊಸೆ ತವರಿಗೆ ಹೋಗಿ ಎಷ್ಟು ದಿನವಾಯಿತು, ಎಲ್ಲವೂ ಮುಂದಿನ ಮದುವೆ ಮನೆಯ ಪಂಕ್ತಿಯಲ್ಲಿ ಸುದ್ದಿ. ಒಂಟಿತನವೂ ಇದೆ, ಮರೆಯೂ ಇಲ್ಲ.

ನನಗೆ ಪರಿಚಿತರಾದ ಒಬ್ಬ ಗೃಹಸ್ಥರ ವಿಷಯ ಹೇಳುತ್ತೇನೆ. ಹೆಸರು, ಊರು ಬೇಡ. ಎರಡು ಎಕರೆ ತೋಟ. ಸತತ ಮೂರು ವರ್ಷ ರೋಗ. ಸೊಸೈಟಿಯ ಸಾಲ ಬೆಳೆಯುತ್ತ ಹೋಯಿತು. ರಾತ್ರಿ ನಿದ್ರೆಯಿಲ್ಲ. ಹೆಂಡತಿಗೆ ಹೇಳಿದರೆ ಆಕೆ ತನ್ನ ಬಳೆಯನ್ನು ಬಿಚ್ಚಿ ಕೊಟ್ಟುಬಿಟ್ಟಾಳು ಎಂಬ ಭಯ. ಅಣ್ಣನಿಗೆ ಹೇಳಿದರೆ ಹಿಸ್ಸೆಯ ಹಳೆಯ ಲೆಕ್ಕ ಏಳುತ್ತದೆ. ಮಗನಿಗೆ ಹೇಳಿದರೆ 'ತೋಟ ಮಾರಿ ಬನ್ನಿ' ಎನ್ನುತ್ತಾನೆ. ನೆರೆಯವರಿಗೆ ಹೇಳಿದರೆ ಊರಿಗೇ ಹೇಳಿದಂತೆ. ಇವರೆಲ್ಲ ಅವರ ಆಪ್ತರೇ. ಆದರೆ ಪ್ರತಿಯೊಬ್ಬರಿಗೂ ಆ ಕಷ್ಟದಲ್ಲಿ ಒಂದು ಪಾಲಿತ್ತು. ಪಾಲಿರುವವರು ಮನಸ್ಸಿಟ್ಟು ಕೇಳುವುದು ದುಸ್ಸಾಧ್ಯ. ಕೇಳುತ್ತಿರುವಾಗಲೇ ತಮ್ಮ ಭಯ ತಮಗೆ ಕಾಣುತ್ತಿರುತ್ತದೆ. ಕೈಕೇಯಿಗೆ ಮಂಥರೆಯೂ ಆಪ್ತಳೇ ಆಗಿದ್ದಳು, ಸಲಹೆಯನ್ನೂ ಕೊಟ್ಟಳು. ಆ ಗೃಹಸ್ಥರು ಕೊನೆಗೆ ಮಾತನಾಡಿದ್ದು ಪೇಟೆಯ ಆಸ್ಪತ್ರೆಯಲ್ಲಿ, ಹಿಂದೆಂದೂ ನೋಡದಿದ್ದ ಒಬ್ಬ ಆಪ್ತಸಲಹೆಗಾರ್ತಿಯ ಮುಂದೆ. ಹೋಗಿದ್ದು ಹೊಟ್ಟೆನೋವಿಗೆಂದು, ಒಳಗೆ ಕಳಿಸಿದ್ದು ಡಾಕ್ಟರು. "ಅವರು ನನಗೆ ಏನೂ ಹೇಳಲಿಲ್ಲ ಮಾರಾಯ್ರೆ, ನಾನೇ ಒಂದು ತಾಸು ಹೇಳಿದೆ. ಎದ್ದು ಬರುವಾಗ ಸಾಲ ಅಷ್ಟೇ ಇತ್ತು, ನಾನು ಮಾತ್ರ ಸ್ವಲ್ಪ ದೊಡ್ಡವನಾಗಿದ್ದೆ" ಎಂದು ಅವರು ನನ್ನ ಹತ್ತಿರ ಹೇಳಿದರು. ಈ ವಿದ್ಯೆಯ ವಿಷಯದಲ್ಲಿ ಇದಕ್ಕಿಂತ ಒಳ್ಳೆಯ ವರ್ಣನೆಯನ್ನು ನಾನು ಓದಿಲ್ಲ.

ಮನೆಯ ಗುಟ್ಟನ್ನು ಹೊರಗಿನವರ ಮುಂದೆ ಹೇಳುವುದು ಸರಿಯೆ ಎಂದು ಕೇಳುವವರಿದ್ದಾರೆ. ಇದು ನಮ್ಮಲ್ಲಿ ಹೊಸದೇನೂ ಅಲ್ಲ. ಕಣಿ ಕೇಳುವುದು, ನೋಟ ನೋಡಿಸುವುದು, ಮೈಮೇಲೆ ದೇವರು ಬಂದವರ ಮುಂದೆ ಕಣ್ಣೀರಿಡುವುದು, ಮಠದ ಸ್ವಾಮಿಗಳ ಎದುರು ಮನಸ್ಸು ತೋಡಿಕೊಳ್ಳುವುದು, ಇವೆಲ್ಲ ತಲೆತಲಾಂತರದಿಂದ ನಡೆದುಬಂದಿವೆ. ಅಲ್ಲಿಂದ ಎಷ್ಟೋ ಜನ ಹಗುರವಾಗಿ ಹಿಂದಿರುಗಿದ್ದಾರೆ. ಅದನ್ನು ನಾನು ಹೀಗಳೆಯುವುದಿಲ್ಲ. ಹೇಳಿಕೊಳ್ಳುವುದಕ್ಕೊಂದು ಜಾಗ, ಒಂದು ಹೊತ್ತು, ಕೇಳುವ ಒಂದು ಕಿವಿ ಅಲ್ಲಿ ಇದ್ದುವು. ಆದರೆ ಅಲ್ಲಿಯ ಒಂದು ಪದ್ಧತಿಯಲ್ಲಿ ಅಪಾಯವಿದೆ. ಕಷ್ಟಕ್ಕೆ ಒಬ್ಬ ಕಾರಣಪುರುಷನನ್ನು ಹುಡುಕಿಕೊಡುವುದು ಅಲ್ಲಿಯ ವಾಡಿಕೆ. 'ನಿಮಗೆ ಆಗದವರು ಮಾಟ ಮಾಡಿಸಿದ್ದಾರೆ' ಎಂಬ ಒಂದು ಮಾತಿನಿಂದ ಕೇಳಿದವನಿಗೆ ಆ ಹೊತ್ತಿಗೆ ಉಪಶಮನವಾಗುತ್ತದೆ. ಆದರೆ ಬೇಲಿಯ ಆಚೆಯ ಅಣ್ಣನೋ ದಾಯಾದಿಯೋ ಮೂರು ತಲೆಮಾರಿಗೆ ಶತ್ರುವಾಗುತ್ತಾನೆ. ಹೊಸ ವಿದ್ಯೆ ತಪ್ಪಿತಸ್ಥನನ್ನು ಹುಡುಕಿಕೊಡುವುದಿಲ್ಲ. ಅದು ಮನುಷ್ಯನ ಕಣ್ಣನ್ನು ಅವನ ಕಷ್ಟದ ಕಡೆಗೇ ತಿರುಗಿಸುತ್ತದೆ.

ಎಲ್ಲರಿಗೂ ಪರಿಹಾರ ಹೇಳಬಲ್ಲವನಿಗೂ ತನ್ನ ಕಷ್ಟದಲ್ಲಿ ಹೇಳಿಕೊಳ್ಳುವವರಿಲ್ಲದೆ ಹೋಗಬಹುದು. ತೀರ್ಥಹಳ್ಳಿ ಸೀಮೆಯಲ್ಲಿ ಹುಟ್ಟಿದ ಅನಂತಮೂರ್ತಿಯವರ 'ಸಂಸ್ಕಾರ' ಕಾದಂಬರಿಯನ್ನು (1965) ಓದಿದವರಿಗೆ ಪ್ರಾಣೇಶಾಚಾರ್ಯರು ನೆನಪಿರುತ್ತಾರೆ. ಅಗ್ರಹಾರದವರೆಲ್ಲ ನಿರ್ಣಯಕ್ಕಾಗಿ ಅವರ ಮುಖ ನೋಡುತ್ತಾರೆ. ಅವರದೇ ಮನಸ್ಸು ಒಡೆದಾಗ ಆ ಅಗ್ರಹಾರದಲ್ಲಿ ಅದನ್ನು ಕೇಳತಕ್ಕ ಒಂದು ಕಿವಿಯೂ ಇಲ್ಲ. ಧರ್ಮಶಾಸ್ತ್ರದ ಗ್ರಂಥಗಳಲ್ಲಿ ನಿರ್ಣಯ ಹುಡುಕಬಹುದು, ಗ್ರಂಥಗಳ ಮುಂದೆ ಅಳುವುದಕ್ಕಾಗುವುದಿಲ್ಲ.

ಹಾಗಾದರೆ ಈ ವಿದ್ಯೆಯವರು ಮಾಡುವುದಾದರೂ ಏನು? ಅಮೆರಿಕದ ಕಾರ್ಲ್ ರೋಜರ್ಸ್ (1902–1987) ಎಂಬ ಮನಶ್ಶಾಸ್ತ್ರಜ್ಞರು 1942ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಇದಕ್ಕೊಂದು ಸ್ಪಷ್ಟ ರೂಪ ಬಂತು. ಕಷ್ಟದಲ್ಲಿರುವವನಿಗೆ ದಾರಿ ತೋರಿಸುವವನು ಹೊರಗಿನವನಲ್ಲ, ದಾರಿಯನ್ನು ಕಾಣುವ ಶಕ್ತಿ ಅವನಲ್ಲಿಯೇ ಇದೆ ಎಂಬುದು ಅವರ ನಂಬಿಕೆ. ಆ ಶಕ್ತಿ ಏಳಬೇಕಾದರೆ ಎದುರು ಕುಳಿತವನಲ್ಲಿ ಮೂರು ಗುಣ ಬೇಕೆಂದರು: ನಟನೆಯಿಲ್ಲದ ಪ್ರಾಮಾಣಿಕತೆ, ಷರತ್ತಿಲ್ಲದ ಆದರ, ಅವನ ಲೋಕವನ್ನು ಅವನ ಕಣ್ಣಿನಿಂದಲೇ ನೋಡುವ ಅನುಭೂತಿ. ಕೇಳುವುದಕ್ಕೆ ಇದು ಸುಲಭವಾಗಿದೆ. ಮಾಡಿ ನೋಡಿದವರಿಗೆ ಗೊತ್ತು, ಎದುರಿನವನು ಮಾತು ನಿಲ್ಲಿಸಿದಾಗ ಅರ್ಧ ನಿಮಿಷ ಸುಮ್ಮನಿರುವುದೇ ಎಂಥ ತಪಸ್ಸು ಎಂದು. ತರಬೇತಿ ಬೇಕಾಗುವುದು ಇದಕ್ಕೇ. ಹೇಳಿದ್ದನ್ನು ಹೇಳಿದವನಿಗೇ ಅವನ ಮಾತಿನಲ್ಲಿ ಹಿಂದಕ್ಕೆ ಕೊಟ್ಟು 'ನೀವು ಹೇಳುವುದು ಹೀಗೆಯೆ?' ಎಂದು ಕೇಳುವುದು, ತೀರ್ಪು ಕೊಡದೆ ಇರುವುದು, ಕೇಳಿದ್ದನ್ನು ಹೊರಗೆ ಆಡದೆ ಇರುವುದು ಇದರ ನಿಯಮಗಳು. ಗುಟ್ಟು ಕಾಯುವುದಕ್ಕೂ ಒಂದು ಎಲ್ಲೆಯಿದೆ: ಪ್ರಾಣಕ್ಕೆ ಅಪಾಯ ಕಂಡರೆ ಬೇಕಾದವರಿಗೆ ತಿಳಿಸಬೇಕು. ಆ ಎಲ್ಲೆಯನ್ನು ಮೊದಲ ದಿನವೇ ಹೇಳಿಬಿಡುತ್ತಾರೆ. ಬದುಕು ಸಾಕೆನ್ನಿಸಿದೆಯೆ ಎಂದು ನೇರವಾಗಿ ಕೇಳುವುದಕ್ಕೂ ಅವರು ಅಂಜುವುದಿಲ್ಲ. ಹಾಗೆ ಕೇಳಿದರೆ ಇಲ್ಲದ ವಿಚಾರ ತಲೆಗೆ ಹೊಕ್ಕೀತು ಎಂದು ನಾವು ಹೆದರುತ್ತೇವೆ. ನಿಜವಾಗಿ ಕೇಳಿಸಿಕೊಂಡವರಿಗೆ ಅದರಿಂದ ಉಸಿರು ಬಿಡಲು ದಾರಿಯಾಗುತ್ತದೆ.

ಭಗವದ್ಗೀತೆಯ ಕೃಷ್ಣನೇ ಮೊದಲ ಆಪ್ತಸಲಹೆಗಾರನೆಂದು ಭಾಷಣಗಳಲ್ಲಿ ಕೇಳುತ್ತೇವೆ. ನಾನು ಆ ಮಾತನ್ನು ಪೂರ್ತಿ ಒಪ್ಪಲಾರೆ. ಯುದ್ಧ ಮಾಡು ಎಂಬ ನಿರ್ಣಯ ಕೃಷ್ಣನಲ್ಲಿ ಮೊದಲೇ ಇತ್ತು, ಅವನದು ಉಪದೇಶ. ಆದರೆ ಗೀತೆಯ ರಚನೆಯಲ್ಲಿ ಗಮನಿಸತಕ್ಕದ್ದೊಂದಿದೆ. ಮೊದಲನೆಯ ಅಧ್ಯಾಯಕ್ಕೆ ಅರ್ಜುನನ ವಿಷಾದವೇ ಹೆಸರು. ಅಲ್ಲಿ ಕೃಷ್ಣ ಆಡುವುದು ಸೇನೆಯನ್ನು ನೋಡೆಂಬ ಒಂದೇ ಮಾತು. ಉಳಿದ ಹೊತ್ತು ಕೇಳುತ್ತಾನೆ. ಎರಡನೆಯ ಅಧ್ಯಾಯದ ಆರಂಭದಲ್ಲಿ ಎರಡು ಶ್ಲೋಕಗಳಷ್ಟು ಗದರುತ್ತಾನೆ, 'ಇದು ನಿನಗೆ ತಕ್ಕದ್ದಲ್ಲ' ಎಂದು. ಜಗಲಿಯ ಮೇಲೆ ನಾವು ಮಾಡುವುದೂ ಅದನ್ನೇ ತಾನೆ? ಆ ಗದರಿಕೆಯಿಂದ ಏನೂ ಆಗಲಿಲ್ಲ. ಅರ್ಜುನ ತನ್ನ ದುಃಖವನ್ನು ಮತ್ತೆ ಮೊದಲಿನಿಂದ ಹೇಳಿ ಸುಮ್ಮನಾಗಿಬಿಡುತ್ತಾನೆ. ದುಃಖದಲ್ಲಿರುವವನನ್ನು ಗದರಿಸಿ ಏಳಿಸುವುದು ಕೃಷ್ಣನಿಂದಲೂ ಆಗಲಿಲ್ಲ ಎಂದಮೇಲೆ ನಮ್ಮ ಪಾಡೇನು?

ನನಗೆ ಇದಕ್ಕಿಂತ ಹತ್ತಿರವಾಗಿ ಕಾಣುವುದು ಬೌದ್ಧರಲ್ಲಿ ಪ್ರಸಿದ್ಧವಾದ ಕಿಸಾಗೋತಮಿಯ ಕಥೆ. ಸತ್ತ ಮಗುವನ್ನು ಎತ್ತಿಕೊಂಡು ಔಷಧ ಕೇಳಿದವಳಿಗೆ ಬುದ್ಧ, ಹುಟ್ಟಿದವರೆಲ್ಲ ಸಾಯುತ್ತಾರೆ ಎಂದು ಹೇಳಲಿಲ್ಲ. ಸಾವಿಲ್ಲದ ಮನೆಯಿಂದ ಸಾಸಿವೆ ತಾ ಎಂದ. ಆಕೆ ಮನೆಮನೆಗೆ ಹೋದಳು. ಪ್ರತಿ ಮನೆಯೂ ತನ್ನ ಸಾವನ್ನು ಆಕೆಗೆ ಹೇಳಿತು. 'ನಿನಗೊಬ್ಬಳಿಗೇ ಬಂದದ್ದಲ್ಲ' ಎಂಬ ನಮ್ಮ ಜಗಲಿಯ ಮಾತೂ ಅದೇ ಸತ್ಯವನ್ನು ಹೇಳುತ್ತದೆ. ಆದರೆ ನಾವು ಅದನ್ನು ಕೈಗೆ ತುರುಕುತ್ತೇವೆ. ಆಕೆ ಅದನ್ನು ತಾನೇ ನಡೆದುಹೋಗಿ ಕಂಡುಕೊಂಡಳು. ಇಷ್ಟೇ ವ್ಯತ್ಯಾಸ, ಮತ್ತು ಇದು ದೊಡ್ಡ ವ್ಯತ್ಯಾಸ.

ಇದರಿಂದ ನಿಜವಾದ ಪ್ರಯೋಜನವಿದೆಯೆ ಅಥವಾ ಇದು ಬರಿಯ ಭಾವನೆಯೆ ಎಂದು ಕೇಳಿದರೆ, ನಮ್ಮ ನೆರೆಯ ಗೋವೆಯಿಂದ ಒಂದು ಉತ್ತರ ಬಂದಿದೆ. ಅಲ್ಲಿಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬರುವ, ತೀವ್ರ ಖಿನ್ನತೆಯಿಂದ ನರಳುವ ಜನರಿಗೆ ವೈದ್ಯರಲ್ಲದ, ತರಬೇತಿ ಪಡೆದ ಸಾಮಾನ್ಯ ಸ್ಥಳೀಯರಿಂದ ಆಪ್ತಸಲಹೆ ಕೊಡಿಸಿ ನೋಡಿದರು. ಒಂದೊಂದು ಸಲ ಅರ್ಧ ತಾಸಿನಿಂದ ನಲವತ್ತು ನಿಮಿಷ. ಹೀಗೆ ಆರರಿಂದ ಎಂಟು ಸಲ. ಮಂಕಾಗಿ ಕುಳಿತವರನ್ನು ಅವರಿಗೆ ಹಿಂದೆ ಪ್ರಿಯವಾಗಿದ್ದ ಸಣ್ಣ ಸಣ್ಣ ಕೆಲಸಗಳ ಕಡೆಗೆ ಮೆಲ್ಲಗೆ ತಿರುಗಿಸುವುದು ಮುಖ್ಯ ಕ್ರಮ. ಬರಿಯ ವಾಡಿಕೆಯ ಚಿಕಿತ್ಸೆ ಪಡೆದವರಿಗಿಂತ ಇದನ್ನೂ ಪಡೆದವರಲ್ಲಿ ಹೆಚ್ಚು ಜನ ಚೇತರಿಸಿಕೊಂಡರು ಎಂಬುದು 2017ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ದೊಡ್ಡ ಪದವಿ ಇಲ್ಲದವರೂ ಈ ಕೆಲಸವನ್ನು ಕಲಿತು ಮಾಡಬಹುದು ಎಂಬುದು ನಮ್ಮಂಥ ಸೀಮೆಗೆ ಸಣ್ಣ ಸಮಾಚಾರವಲ್ಲ.

ಆದರೆ ಎಲ್ಲ ಕಾಯಿಲೆಗೂ ಮಾತೇ ಮದ್ದೆಂದು ತಿಳಿಯಬಾರದು. 2005ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಒಂದು ಕೆಲಸ ಆರಂಭಿಸಿದರು. ಸ್ಕಿಜೋಫ್ರೀನಿಯದಂಥ ತೀವ್ರ ಮನೋರೋಗದಿಂದ ನರಳುವವರನ್ನು ಹಳ್ಳಿಹಳ್ಳಿಯಲ್ಲಿ ಗುರುತಿಸಿ, ಇದ್ದಲ್ಲಿಯೇ ಔಷಧ ಒದಗಿಸಿ, ವರ್ಷಗಟ್ಟಲೆ ಬಿಡದೆ ನೋಡಿಕೊಳ್ಳುವ ಕೆಲಸ. ಚಿಕಿತ್ಸೆಯೇ ಕಾಣದೆ ಕತ್ತಲ ಕೋಣೆಯಲ್ಲಿ ಉಳಿದವರಿಗಿಂತ ಚಿಕಿತ್ಸೆ ದೊರೆತವರು ದಿನದ ಬದುಕನ್ನು ಎಷ್ಟೋ ಚೆನ್ನಾಗಿ ನಡೆಸಬಲ್ಲರು ಎಂಬುದನ್ನು ಅಲ್ಲಿಯ ಅನುಭವ ತೋರಿಸಿತು. ಅಂಥ ರೋಗಕ್ಕೆ ಔಷಧ ಬೇಕೇ ಬೇಕು. ಗೋಡೆ ನೋಡುತ್ತ ಕುಳಿತ ಬಾಣಂತಿಗೂ ವೈದ್ಯರ ಕಣ್ಣು ಬೇಕು. ಅದು ಸೋಮಾರಿತನವಲ್ಲ, ಅನೇಕ ವೇಳೆ ಚಿಕಿತ್ಸೆಯಿಂದ ಗುಣವಾಗುವ ಕಾಯಿಲೆ. ಎಲ್ಲಿ ಮಾತು ಸಾಕು, ಎಲ್ಲಿ ಸಾಲದು ಎಂದು ತಿಳಿಯುವುದೂ ಈ ವಿದ್ಯೆಯ ಒಂದು ಭಾಗ.

ಇಲ್ಲಿಯವರೆಗೆ ಹೇಳಿದ್ದಕ್ಕೆ ಹೆಚ್ಚು ಜನ ತಲೆದೂಗಬಹುದು. ಆದರೆ ಬಲವಾದ ಒಂದು ಆಕ್ಷೇಪ ಉಳಿದಿದೆ. ಅದನ್ನು ಎದುರಿಸದೆ ಮುಂದೆ ಹೋಗುವುದು ಅಪ್ರಾಮಾಣಿಕತೆಯಾಗುತ್ತದೆ. ಕಷ್ಟದ ಕಾರಣ ಮನಸ್ಸಿನ ಒಳಗಿಲ್ಲ, ಹೊರಗಿದೆ ಎಂದಾದರೆ? ತೋಟಕ್ಕೆ ರೋಗ ಬಂದವನಿಗೆ ಬೇಕಾದದ್ದು ಔಷಧ ಮತ್ತು ಸಾಲದ ವಿನಾಯಿತಿ. ನೆಲ ಕಳೆದುಕೊಂಡವನಿಗೆ ಬೇಕಾದದ್ದು ನೆಲ. ಅಂಥವನನ್ನು ಕೂರಿಸಿ ಮನಸ್ಸಿನ ನೆಮ್ಮದಿಯ ಮಾತನಾಡುವುದು ಅನ್ಯಾಯಕ್ಕೆ ಜೋಗುಳ ಹಾಡಿದಂತೆ ಅಲ್ಲವೆ?

ಈ ಪ್ರಶ್ನೆಯನ್ನು ಕೇಳುವ ಅಧಿಕಾರ ನಮ್ಮ ಸೀಮೆಗೆ ವಿಶೇಷವಾಗಿ ಇದೆ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಭತ್ತ ಅಳೆಯುವ ಕೊಳಗದ ಅಳತೆಯಲ್ಲಿ ತಮಗೆ ಮೋಸವಾಗುತ್ತಿದೆ ಎಂಬುದು ಅವರ ಮುಖ್ಯ ದೂರು. ರಾಮಮನೋಹರ ಲೋಹಿಯಾ ಅವರು ಬಂದು ದಸ್ತಗಿರಿಯಾದರು. ಆ ಗೇಣಿದಾರರನ್ನು ಒಬ್ಬೊಬ್ಬರನ್ನಾಗಿ ಕೋಣೆಗೆ ಕರೆದು, 'ನಿಮ್ಮ ಸಿಟ್ಟನ್ನು ಹತೋಟಿಯಲ್ಲಿಡುವುದು ಹೇಗೆ' ಎಂದು ಯಾರಾದರೂ ಕಲಿಸಿದ್ದರೆ ಅದು ಧಣಿಗಳ ಚಾಕರಿಯಾಗುತ್ತಿತ್ತೇ ಹೊರತು ಸಲಹುವಿಕೆಯಾಗುತ್ತಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಸರಿಯಾದ ಕೊಳಗ.

ಅದಾದ ಮೇಲೆ ಮುಳುಗಡೆ ಬಂತು. 1940ರ ದಶಕದಲ್ಲಿ ಹಿರೇಭಾಸ್ಕರ ಅಣೆಕಟ್ಟೆಗೆ ಮೊದಲ ಊರುಗಳು ಹೋದುವು. 1964ರಲ್ಲಿ ಲಿಂಗನಮಕ್ಕಿ ಮುಗಿದಾಗ ಸಾಗರ, ಹೊಸನಗರ ತಾಲ್ಲೂಕುಗಳ ಶರಾವತಿ ಕಣಿವೆಯೇ ನೀರಾಯಿತು. ಆಮೇಲೆ ಹೊಸನಗರದ ಕಡೆ ಚಕ್ರಾ, ಸಾವೇಹಕ್ಲು, ಮಾಣಿ ಜಲಾಶಯಗಳು. ನಾಡಿಗೆಲ್ಲ ದೀಪ ಹತ್ತಿತು. ಮನೆ ಬಿಟ್ಟವರನ್ನು ಲಾರಿಗಳಲ್ಲಿ ತುಂಬಿ ಬೇರೆ ಬೇರೆ ಕಾಡುಗಳಲ್ಲಿ ಇಳಿಸಿದರು. ಅವರಲ್ಲಿ ಎಷ್ಟೋ ಕುಟುಂಬಗಳ ಹಕ್ಕುಪತ್ರದ ವಿವಾದ ಅರುವತ್ತು ವರ್ಷ ಕಳೆದರೂ ಬಗೆಹರಿದಿಲ್ಲ. ಈ ಕುಟುಂಬದ ಮೊಮ್ಮಗನಿಗೆ ಆಪ್ತಸಲಹೆ ಕೊಟ್ಟರೆ ಹಕ್ಕುಪತ್ರ ಬಂದೀತೆ?

ಬರುವುದಿಲ್ಲ. ಇದನ್ನು ಮುಚ್ಚುಮರೆಯಿಲ್ಲದೆ ಒಪ್ಪಬೇಕು. ಅನ್ಯಾಯವನ್ನು ಕಾಯಿಲೆಯೆಂದು ಕರೆದು, ಅನ್ಯಾಯಕ್ಕೊಳಗಾದವನನ್ನು ರೋಗಿಯೆಂದು ಕರೆಯುವ ಪ್ರಲೋಭನೆ ಸರ್ಕಾರಗಳಿಗೆ ಸದಾ ಇರುತ್ತದೆ. ಅದು ಅಗ್ಗದ ದಾರಿ. ಆದರೆ ಒಪ್ಪಿದ ಮೇಲೆ ಇನ್ನೊಂದು ಸಂಗತಿಯನ್ನೂ ನೋಡಬೇಕು. ವರ್ಷಗಟ್ಟಲೆ ಕಚೇರಿಗೆ ಅಲೆದು, ನಿದ್ರೆಗೆಟ್ಟು, ತನ್ನ ಬದುಕೇ ವ್ಯರ್ಥವೆಂದು ನಂಬಿದವನು ಒಂದು ದಿನ ಅಲೆಯುವುದನ್ನೂ ಬಿಡುತ್ತಾನೆ. ಅರ್ಜಿ ಬರೆಯುವುದಕ್ಕೂ, ಸಭೆಗೆ ಹೋಗುವುದಕ್ಕೂ, ನಾಲ್ಕು ಜನರನ್ನು ಕೂಡಿಸುವುದಕ್ಕೂ ಮುರಿಯದ ಮನಸ್ಸು ಬೇಕು. ಆದುದರಿಂದ ಈ ವಿದ್ಯೆಗೆ ನಾನೊಂದು ಒರೆಗಲ್ಲನ್ನು ಸೂಚಿಸುತ್ತೇನೆ. ಆಪ್ತಸಲಹೆ ಪಡೆದು ಹೊರಬಂದವನು 'ನನ್ನ ಹಣೆಬರಹ ಇಷ್ಟೇ' ಎಂದು ಮನೆಗೆ ಹೋದರೆ ಅದು ಕಳ್ಳ ನಾಣ್ಯ. ಅವನು ಒಂದು ರಾತ್ರಿ ನಿದ್ರೆ ಮಾಡಿ, ಬೆಳಿಗ್ಗೆ ಎದ್ದು ತಾಲ್ಲೂಕು ಕಚೇರಿಯ ಬಸ್ಸು ಹತ್ತಿದರೆ ಅದು ನಿಜವಾದದ್ದು.

ಮತ್ತೆ, ಯಾವ ಹಕ್ಕುಪತ್ರದಿಂದಲೂ ತುಂಬದ ನಷ್ಟವೂ ಇದೆ. ಬೇಸಗೆಯಲ್ಲಿ ನೀರು ಇಳಿದಾಗ ಮಡೆನೂರಿನ ಹಳೆಯ ಅಣೆಕಟ್ಟೆ ತಲೆಯೆತ್ತುತ್ತದೆ. ಹಿನ್ನೀರಿನ ಅಂಚಿನಲ್ಲಿ ಮರದ ಬೊಡ್ಡೆಗಳು, ಮನೆಯ ಪಂಚಾಂಗಗಳು ಕಾಣುತ್ತವೆ. ಹುಟ್ಟಿದ ಊರನ್ನು ಕಳೆದುಕೊಂಡ ಹಿರಿಯರು ಕೆಲವರು ಅದನ್ನು ನೋಡಲು ಹೋಗುತ್ತಾರೆ. ಎಷ್ಟು ಎಕರೆ ಪರಿಹಾರ ಸಿಕ್ಕಿದ್ದರೂ ಆ ದುಃಖ ಇದ್ದೇ ಇರುತ್ತಿತ್ತು. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಮಂಗನ ಕಾಯಿಲೆಯಿಂದ ಮನೆಯವರನ್ನು ಕಳೆದುಕೊಂಡವರ ದುಃಖವೂ ಅಂಥದೇ. ಪರಿಹಾರಧನ ಬೇಕು, ಲಸಿಕೆ ಬೇಕು. ಅವೆಲ್ಲ ಬಂದ ಮೇಲೂ ಉಳಿಯುವ ಒಂದು ಖಾಲಿ ಮಂಚವಿದೆ. ಅದರ ವಿಷಯ ಕೇಳುವುದು ಯಾವ ಇಲಾಖೆಯ ಕೆಲಸ? ನಮ್ಮ ಹೆಚ್ಚಿನ ಕಷ್ಟಗಳಲ್ಲಿ ನ್ಯಾಯ ಬೇಡುವ ಭಾಗವೂ, ಬರಿಯ ಕಿವಿ ಬೇಡುವ ಭಾಗವೂ ಹೆಣೆದುಕೊಂಡಿರುತ್ತವೆ. ಒಂದನ್ನು ಕೊಟ್ಟು ಇನ್ನೊಂದಕ್ಕೆ ಚುಕ್ತಾ ಬರೆಸಿಕೊಳ್ಳಬಾರದು.

ಸಂಬಳ ಪಡೆದು ಕೇಳುವ ಕಿವಿಯಲ್ಲಿ ಪ್ರೀತಿ ಎಲ್ಲಿಂದ ಬಂತು ಎಂದು ಕೇಳುವವರಿಗೂ ಒಂದು ಮಾತು. ಮೇಷ್ಟರಿಗೂ ಸಂಬಳವಿದೆ, ದಾದಿಗೂ ಇದೆ; ಅಷ್ಟರಿಂದ ಅವರ ಕಾಳಜಿ ಸುಳ್ಳಾಗುವುದಿಲ್ಲ. ನನಗಂತೂ ಆ ಸಂಬಳದಲ್ಲಿಯೇ ಒಂದು ಸ್ವಾತಂತ್ರ್ಯ ಕಾಣುತ್ತದೆ. ನಮ್ಮ ಸಮಾಜದಲ್ಲಿ ನೆಂಟನ ಮುಂದೆ ಅತ್ತರೆ ಅದು ಋಣವಾಗುತ್ತದೆ. ಮುಂದೆಂದೋ ಒಂದು ದಿನ ಜಗಳದಲ್ಲಿ ಆ ಕಣ್ಣೀರು ಮಾತಾಗಿ ಹಿಂದಕ್ಕೆ ಬರುತ್ತದೆ. ಗೊತ್ತಾದ ಹೊತ್ತಿಗೆ ಬಂದು, ಹೇಳಿ, ಎದ್ದುಹೋಗುವ ಕಡೆ ಆ ಋಣವಿಲ್ಲ.

ಈ ವಿಷಯದಲ್ಲಿ ದೇಶದ ಕಾನೂನೂ ನಿಧಾನವಾಗಿ ಮನಸ್ಸು ಬದಲಿಸಿದೆ. ಬದುಕನ್ನು ಕೊನೆಗೊಳಿಸಿಕೊಳ್ಳಲು ಯತ್ನಿಸಿದವನನ್ನು ಹಳೆಯ ದಂಡಸಂಹಿತೆಯ 309ನೆಯ ಕಲಮು ಅಪರಾಧಿಯೆಂದು ನಿಲ್ಲಿಸುತ್ತಿತ್ತು. 2017ರ ಮಾನಸಿಕ ಆರೋಗ್ಯ ಕಾಯಿದೆ ಅಂಥವನು ತೀವ್ರ ಒತ್ತಡದಲ್ಲಿದ್ದನೆಂದೇ ಭಾವಿಸಬೇಕೆಂದು ಹೇಳಿ, ಅವನ ಆರೈಕೆಯನ್ನು ಸರ್ಕಾರದ ಹೊಣೆಯಾಗಿಸಿತು. 2022ರ ಅಕ್ಟೋಬರ್ 10ರಂದು 'ಟೆಲಿ ಮಾನಸ್' ಎಂಬ ದೂರವಾಣಿ ಸೇವೆ ಆರಂಭವಾಯಿತು. 14416 ಎಂಬ ಸಂಖ್ಯೆಗೆ ಯಾವ ಹೊತ್ತಿನಲ್ಲಿ ಕರೆದರೂ, ಖರ್ಚಿಲ್ಲದೆ, ಕನ್ನಡದಲ್ಲಿಯೇ ಮಾತನಾಡಬಹುದು. ನಮ್ಮ ಕಡೆ ಕೆಲವು ಊರುಗಳಲ್ಲಿ ಅದಕ್ಕೂ ಗುಡ್ಡ ಹತ್ತಿ ಸಿಗ್ನಲ್ ಹುಡುಕಬೇಕಾಗುತ್ತದೆ ಎಂಬುದು ಬೇರೆ ಮಾತು. ಶರಾವತಿ ಹಿನ್ನೀರಿನ ಆಚೆಯ ತುಮರಿ ಸೀಮೆಯವರು ಅಂಬಾರಗೋಡ್ಲಿನಲ್ಲಿ ಲಾಂಚಿಗೆ ಕಾಯುತ್ತ ಎಷ್ಟೋ ದಶಕ ಕಳೆದರು. ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಸಂಚಾರಕ್ಕೆ ತೆರೆದದ್ದು 2025ರ ಜುಲೈ 14ರಂದು. ನೀರಿನ ಮೇಲೆ ಸೇತುವೆ ಕಟ್ಟುವುದಕ್ಕೇ ಇಷ್ಟು ಕಾಲ ಹಿಡಿಯಿತು.

ಕನ್ನಡದಲ್ಲಿ ಈ ಕೆಲಸಕ್ಕೆ ಬೇಕಾದ ಮಾತುಗಳನ್ನು ಹಿರಿಯರು ಆಗಲೇ ಹದಗೊಳಿಸಿದ್ದಾರೆ. 'ಕೊರವಂಜಿ'ಯ ಮೂಲಕ ನಾಡನ್ನು ನಗಿಸಿದ ಡಾಕ್ಟರ್ ಎಂ. ಶಿವರಾಂ ಅವರೇ 'ಮನಮಂಥನ'ವನ್ನೂ ಬರೆದರು. ಶಿವಮೊಗ್ಗದಲ್ಲಿ ಡಾಕ್ಟರ್ ಅಶೋಕ ಪೈ ಅವರು 2016ರಲ್ಲಿ ತೀರಿಕೊಳ್ಳುವವರೆಗೂ ಮನೋರೋಗದ ಬಗೆಗಿನ ನಾಚಿಕೆಯನ್ನು ಹೋಗಲಾಡಿಸಲು ಬರವಣಿಗೆಯನ್ನೂ ಚಲನಚಿತ್ರವನ್ನೂ ಬಳಸಿಕೊಂಡರು. ಇನ್ನು ಉಳಿದಿರುವುದು ತಾಲ್ಲೂಕಿಗೊಬ್ಬರಲ್ಲ, ಹೋಬಳಿಗೊಬ್ಬರಾದರೂ ತರಬೇತಿ ಪಡೆದ ಕೇಳುಗರನ್ನು ಒದಗಿಸುವುದು. ನಮ್ಮ ಆಶಾ ಕಾರ್ಯಕರ್ತೆಯರು ಮಳೆಯಲ್ಲಿ ಕೊಡೆ ಹಿಡಿದು ಎಲ್ಲ ಕಣಿವೆಗಳಿಗೂ ಹೋಗುತ್ತಾರೆ. ಸೂಕ್ತ ಸಂಬಳವನ್ನೂ ಶಿಕ್ಷಣವನ್ನೂ ಕೊಟ್ಟರೆ ಅವರಲ್ಲಿ ಕೆಲವರಾದರೂ ಈ ಕೆಲಸಕ್ಕೆ ಒದಗಿಯಾರು.

ಉಳಿದ ನಮಗೆ ಏನು ಕೆಲಸ? ಎಲ್ಲರೂ ಆಪ್ತಸಲಹೆಗಾರರಾಗುವುದು ಸಾಧ್ಯವೂ ಅಲ್ಲ, ಬೇಕಾದದ್ದೂ ಅಲ್ಲ. ಅರೆಬೆಂದ ಸಲಹೆಗಾರರು ಈಗಲೇ ಸಾಕಷ್ಟಿದ್ದಾರೆ. ಆದರೆ ಜಗಲಿಯ ಮೇಲೆ ಒಬ್ಬರು ಮಾತು ಆರಂಭಿಸಿ ಅರ್ಧಕ್ಕೆ ನಿಂತಾಗ, ನಾಲಗೆಯ ತುದಿಗೆ ಬಂದ ಬುದ್ಧಿವಾದವನ್ನು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಂಡು "ಆಮೇಲೆ?" ಎಂದು ಕೇಳಬಹುದು. ಕೇಳಿದ್ದು ನಮ್ಮ ಶಕ್ತಿಗೆ ಮೀರಿದ್ದಾಗಿ ಕಂಡರೆ, "ಇದನ್ನು ಕೇಳುವವರು ಇದ್ದಾರೆ, ನಾನೂ ಜೊತೆಗೆ ಬರ್ತೇನೆ" ಎಂದು ಬಸ್‌ಸ್ಟಾಂಡಿನವರೆಗೆ ಹೋಗಬಹುದು. ಕೇಳಿದ್ದನ್ನು ಮುಂದಿನ ಮದುವೆ ಮನೆಗೆ ಒಯ್ಯದೆ ಇರಬಹುದು. ಇಷ್ಟನ್ನು ಮಾಡುವುದಕ್ಕೆ ಯಾವ ತರಬೇತಿಯೂ ಬೇಡ. ದೇವರ ಮುಂದೆ ಕೈಮುಗಿದು ನಿಂತಾಗ ನಮ್ಮ ಜನ 'ಸಲಹಪ್ಪಾ' ಎಂದೇ ಕೇಳುತ್ತಾರೆ. ಸಲಹೆ ಕೊಡು ಎಂದು ಕೇಳಿದವರನ್ನು ನಾನು ಕಂಡಿಲ್ಲ.